ಒಂದು ಗುಬುಟಿನ ಇಡ್ಲಿ

ರಾತ್ರಿ ಹತ್ತೂವರೆಯಾಗಿದೆ. ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ಪಾತ್ರೆ ತೊಳೆಯುವ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲುತ್ತ ಬಂದಿದೆ. ಕೆಳಮನೆಯ ಟೀವಿಯಲ್ಲಿ ಮರಾಠಿ ಧಾರಾವಾಹಿ ಮುಗಿಯಿತು. ಹಳಿಯ ಕಡೆಯಿಂದ ಕಲ್ಯಾಣದ ಫಾಸ್ಟ್ ಗಾಡಿ ಠಾಕುರ್ಲಿಯತ್ತ ಓಡಿದ ಸದ್ದು ಬಂದು, ಕಿಟಕಿಯ ಗಾಜನ್ನು ಒಂದು ಗಳಿಗೆ ನಡುಗಿಸಿ ಹೋಯಿತು. ನಾನು ಮಂಚದ ಕೆಳಗಿನಿಂದ ಪ್ಲಾಸ್ಟಿಕ್ ಪೆಟ್ಟಿಗೆ ಎಳೆದು, ನೆಲಕ್ಕೆ ಹಳೆಯ ಚಾದರ ಹಾಸಿ, ಒಳಗಿದ್ದುದನ್ನೆಲ್ಲ ಮೆಲ್ಲಗೆ ಸುರಿಯುತ್ತೇನೆ. ಹುಣಸೆಬೀಜವನ್ನು ಮೊರಕ್ಕೆ ಸುರಿದರೆ ಬರುವಂಥದೇ ಸದ್ದು. ಈ ಹವ್ಯಾಸದವರಿಗೆ ಈ ಸದ್ದು ಕೇಳಿದರೆ ಸಾಕು, ಇಡೀ ದಿನದ ನೂಕುನುಗ್ಗಲು ಮೈಯಿಂದ ಇಳಿಯಲು ಶುರುವಾಗುತ್ತದೆ.

ಚಾದರದ ಮೇಲೆ ಬಿದ್ದಿರುವುದು ಲೆಗೋ ಇಟ್ಟಿಗೆಗಳು. ಕೆಂಪು, ಹಳದಿ, ಬೂದು, ಕಂದು, ಅಲ್ಲಲ್ಲಿ ಚಿನ್ನದ ಬಣ್ಣದ ಒಂದೊಂದು ಚೂರು. ಮೊದಲ ಕೆಲಸ ವಿಂಗಡಿಸುವುದು. ಅದಕ್ಕೆ ನನ್ನ ಬಳಿ ಅಮ್ಮನ ಹಳೆಯ ಸ್ಟೀಲಿನ ಮಸಾಲೆ ಡಬ್ಬಿಯಿದೆ. ಸಾಸಿವೆಯಿದ್ದ ಬಟ್ಟಲಿಗೆ ಒಂದು ಗುಬುಟಿನ ದುಂಡು ಚೂರುಗಳು, ಮೆಂತ್ಯದ ಬಟ್ಟಲಿಗೆ ಪಾರದರ್ಶಕ ದೀಪಗಳು, ಅರಿಸಿನದ ಬಟ್ಟಲಿಗೆ ಕೀಲುಗಳು. ಎಷ್ಟು ತೊಳೆದರೂ ಆ ಬಟ್ಟಲಿನ ಅಂಚಿನ ಹಳದಿ ಹೋಗಿಲ್ಲ. ಬಣ್ಣದ ಪ್ರಕಾರ ವಿಂಗಡಿಸಬಾರದು, ಆಕಾರದ ಪ್ರಕಾರ ವಿಂಗಡಿಸಬೇಕು ಎಂಬುದು ಇದರಲ್ಲಿ ಪಳಗಿದವರು ಹೇಳಿಕೊಡುವ ಮೊದಲ ಪಾಠ. ಕೆಂಪು ರಾಶಿಯಲ್ಲಿ ಕೆಂಪು ಚೂರು ಕಣ್ಣಿಗೆ ಬೀಳುವುದಿಲ್ಲ. ಒಂದೇ ಆಕಾರದ ರಾಶಿಯಲ್ಲಾದರೆ ಬಣ್ಣ ತಾನಾಗಿ ಎದ್ದು ಕಾಣುತ್ತದೆ.

ಒಂದು ಇಟ್ಟಿಗೆಯನ್ನು ಕೈಗೆತ್ತಿಕೊಂಡು ನೋಡಬೇಕು. ಮೇಲೆ ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬುಟು. ಒಂದು ಗುಬುಟಿನ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ‘ಪ್ಲೇಟ್’ ಎಂಬ ತೆಳು ಹಲಗೆ ಇದರ ಮೂರನೇ ಒಂದು ಪಾಲು, 3.2. ಮೂರು ಪ್ಲೇಟ್ ಒಟ್ಟಿದರೆ ಒಂದು ಇಟ್ಟಿಗೆ. ತಿರುಗಿಸಿ ಹೊಟ್ಟೆಯ ಕಡೆ ನೋಡಿದರೆ ಮೂರು ಕೊಳವೆಗಳು. ಗುಟ್ಟೆಲ್ಲ ಅಲ್ಲಿದೆ. ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನದರ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಅಂಟು ಬೇಡ, ಮೊಳೆ ಬೇಡ. ಮಗುವಿನ ಬೆರಳಿಗೂ ಬಿಡಿಸಲು ಬರುತ್ತದೆ, ಎತ್ತಿ ಅಲುಗಿಸಿದರೆ ಕಳಚುವುದಿಲ್ಲ. ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಶ್ ಮಾತುಗಳಿಂದ ಕಂಪನಿಯ ಹೆಸರು ಹುಟ್ಟಿತು. ಹಿಲರಿ ಪೇಜ್ ಎಂಬ ಇಂಗ್ಲಿಷ್ ಆಟಿಕೆಗಾರ ಮಾಡಿದ್ದ ಪ್ಲಾಸ್ಟಿಕ್ ಇಟ್ಟಿಗೆ ನೋಡಿ ಇವರೂ 1949ರಲ್ಲಿ ಅಂಥದನ್ನು ತಂದರು, ಆದರೆ ಅದಕ್ಕೆ ಹಿಡಿತವಿರಲಿಲ್ಲ. ಓಲೆಯ ಮಗ ಗೊಟ್‌ಫ್ರೆಡ್ ಆ ಹೊಟ್ಟೆಯೊಳಗಿನ ಕೊಳವೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ, ಇವತ್ತು ಅಂಗಡಿಯಿಂದ ತಂದ ಇಟ್ಟಿಗೆ ಅದರ ಮೇಲೆ ಟಕ್ಕೆಂದು ಕೂರುತ್ತದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಕಾಲದಲ್ಲಿ ಒಂದು ಅಳತೆ ಹೀಗೆ ಮಾತು ಉಳಿಸಿಕೊಂಡಿದೆಯಲ್ಲ, ಅದಕ್ಕಾಗಿಯೇ ನನಗೆ ಇದರ ಮೇಲೆ ಗೌರವ.

ಒಂದೇ ಬಣ್ಣದ ಇಂಥ ಆರು ಇಟ್ಟಿಗೆ ಕೊಟ್ಟರೆ ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. 91 ಕೋಟಿ 51 ಲಕ್ಷ 3 ಸಾವಿರದ 765. ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿಗೆ ನುಗ್ಗಿದವನಿಗೆ ಕೈಯನ್ನು ಮೇಲಕ್ಕೆತ್ತಿದರೆ ಇಳಿಸಲು ಜಾಗವಿರುವುದಿಲ್ಲ, ಇಳಿಸಿದ್ದರೆ ಎತ್ತಲು ಬರುವುದಿಲ್ಲ. ಹೋಗಿ ಬಂದು ದಿನಕ್ಕೆ ಮೂರು ತಾಸು ಹಾಗೆ ಕಳೆದ ಕೈಗೆ ರಾತ್ರಿ ಆರೇ ಆರು ಇಟ್ಟಿಗೆ ಸಿಕ್ಕರೂ ತೊಂಬತ್ತೊಂದು ಕೋಟಿ ದಾರಿ ತೆರೆಯುತ್ತದೆ.

ಬೇರೆ ದೇಶಗಳಲ್ಲಿ ದೊಡ್ಡವರು ಈ ಆಟಕ್ಕೆ ಹೇಗೆ ಬರುತ್ತಾರೆಂದು ಕೇಳಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಕಥೆ. ಚಿಕ್ಕಂದಿನಲ್ಲಿ ಆಡಿದ್ದರು, ಹದಿನೈದು ಹದಿನಾರಕ್ಕೆ ಬಿಟ್ಟರು, ಮೂವತ್ತೈದಕ್ಕೋ ನಲವತ್ತಕ್ಕೋ ಮತ್ತೆ ಹಿಡಿದರು. ನಡುವೆ ಬಿಟ್ಟ ವರ್ಷಗಳಿಗೆ ಅವರಲ್ಲಿ ‘ಕತ್ತಲೆಗಾಲ’ ಎಂದೇ ಹೆಸರು. ನಮ್ಮ ಠಾಣೆ, ಕಲ್ಯಾಣ, ಡೊಂಬಿವಲಿಯ ಕಡೆ ಈ ಕಥೆ ಹೊಂದುವುದಿಲ್ಲ. ಇಲ್ಲಿ ನಲವತ್ತು ಐವತ್ತು ದಾಟಿದವರಿಗೆ ಬಿಡುವುದಕ್ಕಾದರೂ ಮೊದಲು ಇಟ್ಟಿಗೆ ಎಲ್ಲಿತ್ತು? 1991ರ ಉದಾರೀಕರಣಕ್ಕೆ ಮುಂಚೆ ಹೊರದೇಶದ ಆಟಿಕೆ ಎಂದರೆ ಹಡಗಿನಲ್ಲಿ ಕೆಲಸಕ್ಕಿದ್ದ ಮಾವನೋ ದುಬೈಯ ಚಿಕ್ಕಪ್ಪನೋ ತಂದದ್ದು. ಅದನ್ನೂ ಷೋಕೇಸಿನ ಗಾಜಿನ ಹಿಂದಿಟ್ಟು ಬೀಗ ಹಾಕುತ್ತಿದ್ದರು. ನಮ್ಮ ಪಾಲಿಗೆ ಇದ್ದದ್ದು ತೂತುಪಟ್ಟಿ, ನಟ್ಟು, ಬೋಲ್ಟುಗಳ ಮೆಕ್ಯಾನಿಕ್ಸ್ ಡಬ್ಬಿ. ಅದೂ ಯಾರೋ ಒಬ್ಬ ಗೆಳೆಯನ ಮನೆಯಲ್ಲಿ. ನನಗೆ ಲೆಗೋ ಇಟ್ಟಿಗೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಮೂವತ್ತೊಂಬತ್ತು ವರ್ಷ. ಹಾಗಾಗಿ ಇಲ್ಲಿಯವರು ಬಾಲ್ಯಕ್ಕೆ ಮರಳುತ್ತಿದ್ದಾರೆ ಎಂದು ಯಾರಾದರೂ ಬರೆದರೆ ಒಪ್ಪಲು ಮನಸ್ಸಾಗುವುದಿಲ್ಲ. ಮರಳಲು ಮೊದಲೊಮ್ಮೆ ಹೋಗಿರಬೇಕು. ನಾವು ಬಂದಿರುವುದು ಈಗಲೇ, ತಲೆ ಅರ್ಧ ನರೆತ ಮೇಲೆ.

ದುಡ್ಡಿನ ಮಾತೂ ಆಡಬೇಕು. ಇದು ಅಗ್ಗದ ಆಟವಲ್ಲ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇಕಡಾ 20ರಿಂದ 60ಕ್ಕೇರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ನಮ್ಮ ದೇಶದ ಆಟಿಕೆ ಕಸುಬು ಬದುಕಬೇಕೆಂಬುದು ಉದ್ದೇಶ. ಚನ್ನಪಟ್ಟಣದ ಅರಗಿನ ಬಣ್ಣ ನೋಡಿ ಬೆಳೆದ ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಈ ಇಟ್ಟಿಗೆಗೆ ಸಾಟಿಯಾದದ್ದು ಇಲ್ಲಿ ತಯಾರಾಗುತ್ತಿಲ್ಲವಾದ್ದರಿಂದ ಹವ್ಯಾಸಿಗಳು ದಾರಿ ಹುಡುಕಿಕೊಂಡಿದ್ದಾರೆ. ದುಬೈ, ಮಸ್ಕತ್, ಸಿಂಗಪುರದಿಂದ ರಜೆಗೆ ಬರುವ ನೆಂಟರಿಗೆ ಎರಡು ತಿಂಗಳು ಮೊದಲೇ ಸೆಟ್ಟಿನ ನಂಬರು ಹೋಗಿರುತ್ತದೆ. ಬರುವವರು ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಮಡಿಸಿ ಸೂಟ್‌ಕೇಸಿನ ತಳಕ್ಕೆ ಹಾಸುತ್ತಾರೆ, ಚೂರುಗಳ ಚೀಲಗಳನ್ನು ಸೀರೆಗಳ ನಡುವೆ, ಶೂಗಳ ಒಳಗೆ ತುರುಕುತ್ತಾರೆ. ಹಾಗೆ ಬಂದ ಚೀಲ ಬಿಚ್ಚಿದರೆ ಇಟ್ಟಿಗೆಗೆ ಖರ್ಜೂರದ ವಾಸನೆ. ಹಳೆಯ ಚೂರುಗಳು ಕಿಲೋ ಲೆಕ್ಕದಲ್ಲೂ ಸಿಗುತ್ತವೆ. ಒಮ್ಮೆ ಹಾಗೆ ತರಿಸಿದ ಎರಡು ಕಿಲೋದಲ್ಲಿ ಮುಕ್ಕಾಲು ಪಾಲು ನಕಲಿ ಬಂದಿತ್ತು. ನಕಲಿಯ ಗುಬುಟಿನ ನೆತ್ತಿಯ ಮೇಲೆ ಕಂಪನಿಯ ಹೆಸರು ಮೂಡಿರುವುದಿಲ್ಲ, ಅದೊಂದು ಗುರುತು. ಆದರೆ ಕಣ್ಣಿಗಿಂತ ಮೊದಲು ಬೆರಳು ಹೇಳಿಬಿಡುತ್ತದೆ. ಒಂದು ಸಡಿಲ, ಇನ್ನೊಂದು ಕಚ್ಚಿಕೊಂಡರೆ ಬಿಡುವುದೇ ಇಲ್ಲ.

ನಾನು ಕಟ್ಟುತ್ತಿರುವುದು ಲೋಕಲ್ ಗಾಡಿ. ಹಳದಿ ಮೈಯ, ಕಂದುಪಟ್ಟೆಯ ಹಳೆಯ ಗಾಡಿ. ಅದರಲ್ಲಿ ನೇತಾಡಿಯೇ ನಾನು ಕಾಲೇಜು ಮುಗಿಸಿದ್ದು. ಅದಕ್ಕೆ ಪೆಟ್ಟಿಗೆಯಲ್ಲಿ ಸಿಗುವ ಸೆಟ್ ಇಲ್ಲ, ಪುಸ್ತಿಕೆಯಿಲ್ಲ. ಇಂಥ ಸ್ವಂತ ಕಟ್ಟೋಣಕ್ಕೆ ಹವ್ಯಾಸಿಗಳು ‘ಮಾಕ್’ ಎನ್ನುತ್ತಾರೆ. ಮೊದಲು ಲೆಕ್ಕ. ನಿಜವಾದ ಗಾಡಿಯ ಡಬ್ಬಿಯ ಅಗಲ 3.66 ಮೀಟರ್. ನಾನು ಅದನ್ನು ಎಂಟು ಗುಬುಟಿಗೆ ಇಳಿಸಿದೆ, ಅಂದರೆ 64 ಮಿಲಿಮೀಟರ್. ಸುಮಾರು ಐವತ್ತೇಳು ಪಟ್ಟು ಕಿರಿದು. ಅದೇ ಪ್ರಮಾಣದಲ್ಲಿ ಉದ್ದ ಇಳಿಸಿದರೆ ಒಂದು ಡಬ್ಬಿ ಸುಮಾರು 36 ಸೆಂಟಿಮೀಟರ್, ನಲವತ್ತೈದು ಗುಬುಟು. ಹನ್ನೆರಡು ಡಬ್ಬಿಯ ಗಾಡಿಗೆ ಹದಿನಾಲ್ಕು ಅಡಿಗೂ ಸ್ವಲ್ಪ ಮೇಲೆ. ನಮ್ಮ ಹಾಲ್ ಇರುವುದೇ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಪೂರ್ತಿ ಗಾಡಿ ನಿಂತರೆ ಹಿಂದಿನ ಗಾರ್ಡಿನ ಡಬ್ಬಿ ಬಾಲ್ಕನಿಯ ಬಾಗಿಲಿಗೆ, ಮುಂದಿನ ಮೋಟರ್‌ಮನ್ನಿನ ಡಬ್ಬಿಯ ಮೂಗು ಅಡುಗೆಮನೆಯ ಹೊಸ್ತಿಲ ಮೇಲೆ.

ಎರಡು ವರ್ಷದಲ್ಲಿ ಮೂರು ಡಬ್ಬಿಯಾಗಿವೆ. ಒಂದೊಂದಕ್ಕೆ ನಾನೂರಕ್ಕೂ ಮೇಲೆ ಚೂರು. ಕಂದು ಬಣ್ಣ ಬಹಳ ಕಾಡಿತು. ಒಂದು ಕಾಲದ ಕಂದು ಚೂರುಗಳು ಪೆಡಸು, ಜೋರಾಗಿ ಒತ್ತಿದರೆ ಸಣ್ಣಗೆ ಚಿಟ್ಟೆಂದು ಸೀಳುತ್ತವೆ. ಆ ಸದ್ದು ಕೇಳಿದಾಗ ಹೊಟ್ಟೆ ಹಿಂಡಿದಂತಾಗುತ್ತದೆ. ಬಾಗಿಲು ಮಾತ್ರ ಸುಲಭ. ನಮ್ಮ ಗಾಡಿಗೆ ಬಾಗಿಲು ಮುಚ್ಚುವ ಅಭ್ಯಾಸವೇ ಇಲ್ಲ, ಜಾಗ ಖಾಲಿ ಬಿಟ್ಟರಾಯಿತು, ನಡುವೆ ಒಂದು ಬೂದು ಕಂಬ. ಒಳಗೆ ನೇತಾಡುವ ಹಿಡಿಕೆಗಳಿಗೆ ಆರು ತಿಂಗಳು ಹುಡುಕಿದೆ. ಕೊನೆಗೆ ಗೊಂಬೆಯ ಕೈಗೆ ಕೊಡುವ ಚಿಕ್ಕ ಕೈಕೋಳ ಸರಿಹೊಂದಿತು. ಎರಡು ಬಳೆಯ ಆ ಚೂರನ್ನು ಕೊಂಡಿಗೆ ಸಿಕ್ಕಿಸಿ ಇಳಿಬಿಟ್ಟರೆ ಥೇಟ್ ಲೋಕಲ್ಲಿನ ಹಿಡಿಕೆ. ಡಬ್ಬಿಯನ್ನು ಎತ್ತಿ ಅಲುಗಿಸಿದರೆ ಎಲ್ಲವೂ ಒಟ್ಟಿಗೆ ತೂಗುತ್ತವೆ. ಹದಿನೆಂಟು ವರ್ಷದಿಂದ ಲೋಕಲ್ಲಿನಲ್ಲೇ ಹೋಗುವ ನನ್ನ ಹೆಂಡತಿ ಅದನ್ನು ನೋಡಿ, ಮಹಿಳೆಯರ ಡಬ್ಬಿಗೆ ಓರೆಪಟ್ಟೆ ಬಳಿಯದೆ ಬಿಟ್ಟಿದ್ದೀರಲ್ಲ ಎಂದಳು. ಮಾರನೆಯ ವಾರ ಓರೆಪಟ್ಟೆಯೂ ಬಂತು.

ಈ ಊರುಗಳಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಕಲ್ಯಾಣ ಪಶ್ಚಿಮದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಹೂವಿನ ಸೆಟ್ ಬಿಟ್ಟು ಬೇರೆ ಕಟ್ಟುವುದಿಲ್ಲ. ಅವರ ಬಾಲ್ಕನಿಗೂ ಪಕ್ಕದ ಬಿಲ್ಡಿಂಗಿಗೂ ಆರೇ ಅಡಿ ಅಂತರ, ಬಿಸಿಲು ಬೀಳುವುದಿಲ್ಲ, ಸೇವಂತಿಗೆ ನೆಟ್ಟರೆ ಕೊಳೆಯಿತು. ಈಗ ಅಲ್ಲಿ 608 ಚೂರಿನ ಆರ್ಕಿಡ್ ಇದೆ, 756 ಚೂರಿನ ಹೂಗುಚ್ಛವಿದೆ. ಬೆಳಿಗ್ಗೆ ಬಣ್ಣದ ಮೃದು ಬ್ರಷ್ಷಿನಿಂದ ಎಸಳೆಸಳಿನ ಧೂಳು ತೆಗೆದು ಆಮೇಲೆಯೇ ಅವರು ಸ್ಟೇಷನ್ನಿಗೆ ಹೊರಡುವುದು. ಠಾಣೆಯ ಘೋಡ್‌ಬಂದರ್ ರಸ್ತೆಯ ಒಂದು ಮನೆಯಲ್ಲಿ ತಾಜ್ ಮಹಲ್ ಇದೆ. 2008ರಲ್ಲಿ ಮೊದಲ ಸಲ 5,922 ಚೂರುಗಳೊಡನೆ ಬಂದು, 2017ರಲ್ಲಿ ಒಂದೇ ಒಂದು ಚೂರು ಹೆಚ್ಚಾಗಿ ಮತ್ತೆ ಬಂದ ಸೆಟ್ ಅದು. ಗಂಡ ಹೆಂಡತಿ ಊಟವಾದ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಒಂದು ಮಳೆಗಾಲವಿಡೀ ಕಟ್ಟಿದರು. ಒಬ್ಬರು ಪುಸ್ತಿಕೆ ಓದಿ ಚೂರು ಹುಡುಕುವುದು, ಇನ್ನೊಬ್ಬರು ಕೂರಿಸುವುದು. ಒಂದೇ ಬಗೆಯ ಕಮಾನನ್ನು ಮತ್ತೆ ಮತ್ತೆ ಕಟ್ಟುವಾಗ ಅವರು ಮಗಳ ಮದುವೆಯ ಮಾತನ್ನೂ ಮುಗಿಸಿದರಂತೆ.

ಸೀಲ್ ಒಡೆಯದೆ ಪೆಟ್ಟಿಗೆ ಕೂಡಿಡುವವರೂ ಇದ್ದಾರೆ. ಕಂಪನಿ ಒಂದು ಸೆಟ್ಟನ್ನು ನಿಲ್ಲಿಸಿದ ಮೇಲೆ ಅದರ ಬೆಲೆ ಏರುತ್ತದೆ, ಹಾಗಾಗಿ ಅಟ್ಟದ ತುಂಬ ಪೆಟ್ಟಿಗೆ. ಡೊಂಬಿವಲಿಯ ಹತ್ತಿರದ ಪಲಾವಾ ಬಡಾವಣೆಯಲ್ಲಿ ಅಂಥ ಒಂದು ಮನೆ ನೋಡಿದೆ. ಹಡಗು, ಕೋಟೆ, ಗೋಪುರ, ಎಲ್ಲ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿದ್ದವು. ಇಟ್ಟುಕೊಂಡವರ ಲೆಕ್ಕಾಚಾರ ಅವರದು. ಆದರೆ ಒಂದು ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದಾಗ ಒಳಗೆ ಚೂರುಗಳು ಸರಿದಾಡಿದ ಸದ್ದು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಕೂಡಿಸುವುದು, ಬಿಚ್ಚುವುದು, ಮತ್ತೊಂದು ಕೂಡಿಸುವುದು, ಇಷ್ಟಕ್ಕಾಗಿ ಹುಟ್ಟಿದ ವಸ್ತು ಅದು.

ಒಂದು ಭಾನುವಾರ ನೆರೂಳಿಗೆ ಹೋದೆ. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ಐರೋಲಿ, ರಬಾಳೆ, ಘನ್ಸೋಲಿ ದಾಟುವಾಗ ಒಂದು ಕಡೆ ಪಾರ್ಸಿಕ್ ಬೆಟ್ಟದ ಕಡಿದ ಮೈ, ಇನ್ನೊಂದು ಕಡೆ ಸೆಕ್ಟರು ಸೆಕ್ಟರಾಗಿ ಹೊಂದಿಸಿಟ್ಟ ಮನೆಗಳು. 1970ರಲ್ಲಿ ಹೊಸ ಊರು ಕಟ್ಟಲೆಂದು ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿದಾಗ ಇಲ್ಲಿ ಉಪ್ಪಿನ ಗದ್ದೆ, ಮೀನುಗಾರರ ಹಳ್ಳಿ. ಕಾಗದದ ಮೇಲೆ ಚೌಕ ಎಳೆದು ಊರು ಕಟ್ಟಿದರು. ಕಿಟಕಿಯ ಪಕ್ಕ ಕೂತು ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ನವಿ ಮುಂಬಯಿಯೇ ತಳಹಲಗೆಯ ಮೇಲೆ ಎದ್ದ ಹಾಗೆ ಕಾಣುತ್ತದೆ.

ನೆರೂಳಿನಲ್ಲಿರುವುದು ನಮ್ಮ ಶೆಟ್ರು. ಕಾರ್ಕಳದ ಕಡೆಯವರು. ಹನ್ನೆರಡನೇ ವಯಸ್ಸಿಗೆ ಮುಂಬಯಿಯ ಕೋಟೆ ಭಾಗದ ಹೋಟೆಲಿಗೆ ಬಂದು, ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ವಾಶಿಗೆ ರೈಲು ಬಂದ 1992ರ ಸುಮಾರಿಗೆ ಖಾಡಿಯ ಹಿನ್ನೀರು ದಾಟಿ ಈ ಕಡೆ ಬಂದು ಸ್ವಂತ ಹೋಟೆಲು ಹಾಕಿದರು. ಈಗ ಗಲ್ಲೆಯಲ್ಲಿ ಮಗ ಕೂರುತ್ತಾನೆ. ಮೊಮ್ಮಗನಿಗೆಂದು ತಂದ ಬೆಂಕಿ ಆರಿಸುವ ಗಾಡಿಯ ಸೆಟ್ಟನ್ನು ಹುಡುಗ ಅರ್ಧ ಕಟ್ಟಿ ಬಿಟ್ಟಿದ್ದನಂತೆ. ಅದನ್ನು ಪೂರ್ತಿ ಮಾಡಲು ಕೂತವರು ಏಳಲಿಲ್ಲ. ಆಗ ಅವರಿಗೆ ಐವತ್ತೆಂಟು.

“ಆಟ ಅಂತ ನಮ್ಗೆ ಯಾವಾಗ ಇತ್ತು ಮಾರಾಯ್ರೆ?” ಎಂದರು. “ಊರಲ್ಲಿ ಇದ್ದಷ್ಟು ದಿನ ಹಾಳೆಯ ಮೇಲೆ ಕೂತು ಎಳ್ಕೊಂಡು ಹೋಗೂದು. ಇಲ್ಲಿ ಬಂದ ಮೇಲೆ ಅದೂ ಇಲ್ಲ.”

ಅಡಿಕೆ ಹಾಳೆ ಬಿಟ್ಟ ಮೇಲೆ ಅವರು ಹಿಡಿದ ಆಟದ ವಸ್ತು ಇದೇ. ಮೇಜಿನ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಅದು ಅವರ ಹೋಟೆಲು. ನವಿ ಮುಂಬಯಿಯದಲ್ಲ, ಮೊದಲ ಸಲ ಬಂದಿಳಿದ ಹೋಟೆಲು. ಮೂವತ್ತೆರಡು ಗುಬುಟು ಉದ್ದ, ಅಷ್ಟೇ ಅಗಲದ ತಳಹಲಗೆ, ಗೇಣಿಗಿಂತ ಸ್ವಲ್ಪ ದೊಡ್ಡದು. ಅಷ್ಟರೊಳಗೆ ಕಪ್ಪು ಬಿಳುಪು ಚೌಕದ ನೆಲ, ಆರು ದುಂಡು ಮೇಜು. ಬಾಗಿಲ ಎಡಕ್ಕೆ ಗಲ್ಲಾಪೆಟ್ಟಿಗೆ, ಅದರ ಮೇಲೆ ದೇವರ ಪಟ, ಪಟದ ಕೆಳಗೆ ಒಂದು ಗುಬುಟಿನ ಕೆಂಪು ಪಾರದರ್ಶಕ ಚೂರು. ಸದಾ ಉರಿಯುವ ಸಣ್ಣ ಕೆಂಪು ಬಲ್ಬು. ಕೈತೊಳೆಯುವ ಜಾಗದ ಮೇಲೆ ಬೆಳ್ಳಿ ಬಣ್ಣದ ಕನ್ನಡಿ. ಅಡುಗೆಮನೆಯಲ್ಲಿ ಕಪ್ಪು ಕಾವಲಿ. ಮಾಳಿಗೆಯಿಲ್ಲ, ಮೇಲಿನಿಂದ ಕೈ ಹೋಗಬೇಕೆಂದು ತೆರೆದೇ ಬಿಟ್ಟಿದ್ದಾರೆ.

ಬಗ್ಗಿ ನೋಡಿದೆ. ಪ್ರತಿ ಮೇಜಿನ ಮೇಲೂ ಬೂದು ತಟ್ಟೆ, ತಟ್ಟೆಯಲ್ಲಿ ಒಂದು ಗುಬುಟಿನ ದುಂಡು ಬಿಳಿ ಚೂರು ಎರಡೆರಡು. ಇಡ್ಲಿ. ನಡುವೆ ತೂತಿರುವ ಕಂದು ಚೂರು ಉದ್ದಿನ ವಡೆ. ಮಾಣಿಗಳಿಗೆ ಪಂಚೆ ಉಡಿಸಲು ಶೆಟ್ರು ಮಾಡಿದ ಉಪಾಯ ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಲೆಗೋ ಗೊಂಬೆಗೆ ಪ್ಯಾಂಟಿನ ಕಾಲಿದೆ, ಪಂಚೆಯಿಲ್ಲ. ಆದರೆ ಹೆಂಗಸರ ಉದ್ದ ಲಂಗಕ್ಕೆ ಬಳಸುವ ಇಳಿಜಾರು ಚೂರಿದೆ. ಅದನ್ನು ಬಿಳಿಯ ಬಣ್ಣದಲ್ಲಿ ತರಿಸಿ ಕಾಲಿನ ಬದಲಿಗೆ ಕೂರಿಸಿದ್ದರು. ಗೊಂಬೆಯ ಕೈ ಅರ್ಧ ಬಳೆಯ ಆಕಾರದ್ದು, ಒಂದು ಲೋಟ ಮಾತ್ರ ಹಿಡಿಯುತ್ತದೆ. ಒಂದೇ ಕೈಯಲ್ಲಿ ಐದು ಲೋಟ ಹಿಡಿದು ಬರುತ್ತಿದ್ದ ಒಬ್ಬ ಮಾಣಿಯನ್ನು ಹೇಗೆ ತೋರಿಸುವುದೆಂದು ಅವರು ಇನ್ನೂ ಯೋಚಿಸುತ್ತಿದ್ದಾರೆ.

ಹಿಂದಿನ ಮೂಲೆಯಲ್ಲಿ ಮೋರಿ. ಅಲ್ಲಿ ರಾಶಿ ಲೋಟ. ಅದರ ಮುಂದೆ ಸೊಂಟದಲ್ಲಿ ಮಡಿಯದ ಗಿಡ್ಡ ಕಾಲಿನ ಒಂದು ಗೊಂಬೆ. ಮಕ್ಕಳನ್ನು ತೋರಿಸಲು ಕಂಪನಿ ಮಾಡುವ ಕಾಲು ಅದು. ಮುಖ ಗೋಡೆಯ ಕಡೆಗಿತ್ತು. ನಾನೇನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೊಸೆ ಕಾಫಿ ತಂದಿಟ್ಟರು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂರು ಡಬ್ಬಿಯ ಲೋಕಲ್ ಹೊರಗೆ ಬರುವುದು ನವರಾತ್ರಿಗೆ. ಅಮ್ಮ ಮೈಸೂರು ಕಡೆಯವಳು. ಮದುವೆಯಾಗಿ ಮುಂಬಯಿಗೆ ಬರುವಾಗ ತಂದ ಪಟ್ಟದ ಗೊಂಬೆಗಳನ್ನು ಚಾಳಿನ ಹತ್ತಡಿಯ ಕೋಣೆಯಲ್ಲೂ ಕೂರಿಸಿದವಳು. ದೊಡ್ಡವರು ಮಕ್ಕಳ ಗೊಂಬೆಯನ್ನು ಇಷ್ಟು ಶ್ರದ್ಧೆಯಿಂದ ಕೂಡಿಟ್ಟು, ಒರೆಸಿ, ಜೋಡಿಸಿ, ಊರವರನ್ನು ಕರೆದು ತೋರಿಸುವ ಹಬ್ಬ ನಮ್ಮಲ್ಲಿರುವಾಗ ಇಟ್ಟಿಗೆ ಜೋಡಿಸುವ ದೊಡ್ಡವರನ್ನು ಕಂಡು ಯಾಕೆ ಅಚ್ಚರಿಪಡಬೇಕು? ಗೊಂಬೆಯ ಮೆಟ್ಟಿಲ ಪಕ್ಕದಲ್ಲಿ ಅಮ್ಮ ಪ್ರತಿ ವರ್ಷ ಒಂದು ‘ಪಾರ್ಕ್’ ಮಾಡುತ್ತಾಳೆ. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಗದ್ದೆ. ಮೊದಲ ಸಲ ನಾನು ಲೋಕಲ್ ತಂದಾಗ ತುಸು ಹೊತ್ತು ನೋಡಿ, “ಆ ಗದ್ದೆ ಪಕ್ಕದಲ್ಲಿ ಬಿಡೋ, ಗಾಡಿ ಊರಿಗೆ ಹೋದ ಹಾಗೆ ಕಾಣುತ್ತೆ” ಎಂದಳು. ಈಗ ರಾಗಿ ಪೈರಿನ ಅಂಚಿನಲ್ಲಿ ಹಳದಿ ಲೋಕಲ್ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಅಂಬಾರಿ ಆನೆಯೂ ಇದೆ. ಬೂದು ಇಟ್ಟಿಗೆಯ ಆನೆ, ಮೇಲಿನ ಅಂಬಾರಿಗೆ ಚಿನ್ನದ ಬಣ್ಣದ ಚೂರುಗಳು. ಅವು ಒಂದೊಂದು ಸೆಟ್ಟಿನಲ್ಲಿ ಒಂದೆರಡು ಬರುತ್ತವೆ ಅಷ್ಟೆ, ಕೂಡಿಸಲು ಮೂರು ವರ್ಷ ಹಿಡಿಯಿತು. ತುದಿಯ ಕಳಶ ಗೊಂಬೆಗಳು ಹಿಡಿಯುವ ಪಾನಪಾತ್ರೆ, ಬೋರಲು ಹಾಕಿದ್ದು.

ಗೊಂಬೆ ಎತ್ತಿಟ್ಟು ಮೂರು ವಾರವಾಗುವಷ್ಟರಲ್ಲಿ ಕೆಳಗೆ ಕಿಲ್ಲಾ ಏಳುತ್ತದೆ. ದೀಪಾವಳಿಗೆ ಮಹಾರಾಷ್ಟ್ರದ ಮಕ್ಕಳು ಮಣ್ಣಿನ ಕೋಟೆ ಕಟ್ಟುವುದನ್ನು ನೋಡದವರಿಗೆ ಅದರ ಗತ್ತು ಗೊತ್ತಾಗದು. ಸೊಸೈಟಿಯ ಕಂಪೌಂಡಿನ ಮೂಲೆಯಲ್ಲಿ ಕಲ್ಲು, ಒಡೆದ ಇಟ್ಟಿಗೆ ಗುಡ್ಡೆ ಹಾಕಿ, ಮೇಲೆ ಗೋಣಿತಾಟು ಹೊದಿಸಿ, ಕೆಮ್ಮಣ್ಣು ಮೆತ್ತಿ, ಬುರುಜು, ಮೆಟ್ಟಿಲು, ಮಹಾದ್ವಾರ. ಅಳೀವ್ ಬೀಜ ಚೆಲ್ಲುತ್ತಾರೆ, ನಮ್ಮ ಅಳವಿಯೇ ಅದು. ನಾಲ್ಕು ದಿನಕ್ಕೆ ಗುಡ್ಡ ಹಸಿರು. ತುದಿಯಲ್ಲಿ ಸಿಂಹಾಸನದ ಮೇಲೆ ಮಣ್ಣಿನ ಶಿವಾಜಿ ಮಹಾರಾಜ, ಇಳಿಜಾರಿನಲ್ಲಿ ಮಾವಳೆ ಸೈನಿಕರು. ಒಂದು ವರ್ಷ ರಾಯಗಡ, ಇನ್ನೊಂದು ವರ್ಷ ಪ್ರತಾಪಗಡ. ಕಲ್ಯಾಣದ ಖಾಡಿಯ ಮೇಲೆ ದುರ್ಗಾಡಿ ಕೋಟೆಯೇ ಇರುವಾಗ ಈ ಕಡೆಯ ಮಕ್ಕಳಿಗೆ ಕೋಟೆ ಪುಸ್ತಕದ ಮಾತಲ್ಲ. 2025ರ ಜುಲೈನಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೋ ಪಟ್ಟಿಗೆ ಸೇರಿದ ವರ್ಷ ನಮ್ಮ ಸೊಸೈಟಿಯ ಹುಡುಗರು ಹನ್ನೆರಡರ ಹೆಸರನ್ನೂ ಚೀಟಿ ಬರೆದು ಚುಚ್ಚಿದ್ದರು.

ಆ ಸಲ ನಾನು ಬೂದು ಚೂರುಗಳಿಂದ ಒಂದು ಮಹಾದ್ವಾರ ಕಟ್ಟಿ ಒಯ್ದೆ. ಕಮಾನು, ಮೊಳೆ ಬಡಿದ ಬಾಗಿಲು, ತೆರೆದು ಮುಚ್ಚುವ ಕೀಲು. ಹುಡುಗರು ಕೈಯಿಂದ ಕೈಗೆ ದಾಟಿಸಿ ನೋಡಿದರು, ಬಾಗಿಲು ಹತ್ತು ಸಲ ತೆರೆದು ಮುಚ್ಚಿದರು. ಆಮೇಲೆ ಅವರಲ್ಲಿ ದೊಡ್ಡವನು ಬಹಳ ಮರ್ಯಾದೆಯಿಂದ ವಾಪಸು ಕೊಟ್ಟ. “ಕಾಕಾ, ಛಾನ್ ಆಹೆ. ಪಣ್ ಕಿಲ್ಲಾ ಮಾತಿಚಾಚ್ ಪಾಯಿಜೆ.” ಚೆನ್ನಾಗಿದೆ, ಆದರೆ ಕೋಟೆ ಮಣ್ಣಿನದೇ ಆಗಬೇಕು ಎಂದ. ಅವನ ಮೊಣಕೈವರೆಗೆ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅವನು ಹೇಳಿದ್ದು ಸರಿ. ನಾನು ಚಪ್ಪಲಿ ಕಳಚಿ ಮಣ್ಣು ಕಲಸಲು ಕೂತೆ.

ದೀಪಾವಳಿ ಕಳೆದ ಮೊದಲ ಭಾನುವಾರ ಇಲ್ಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಬಂದಿದ್ದ ಶೆಟ್ರು ಮುಗಿಸಿಕೊಂಡು ನಮ್ಮ ಮನೆಗೂ ಬಂದರು. ಕೈಯಲ್ಲಿ ಮಿಠಾಯಿ ಪೊಟ್ಟಣ, ಜೊತೆಗೆ ಒಂದು ಖಾಲಿ ಐಸ್‌ಕ್ರೀಂ ಡಬ್ಬಿ. ಹೋಟೆಲನ್ನು ಬಿಚ್ಚಿದರಂತೆ. ನನಗೆ ಎದೆ ಧಸಕ್ಕೆಂದಿತು.

“ಪೂರ್ತಿ ಬಿಚ್ಚಿದ್ರಾ ಶೆಟ್ರೆ?”

“ಮತ್ತೆ? ಚೂರು ಬೇಕಲ್ಲ.” ಕುರ್ಚಿ ಬಿಟ್ಟು ಚಾದರದ ಮೇಲೆಯೇ ಕೂತು ಮಸಾಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. “ಇನ್ನು ಶಾಲೆ ಕಟ್ಟುವ ಅಂತ ಉಂಟು. ನಾವು ಹೋಗ್ತಿದ್ದ ರಾತ್ರಿ ಶಾಲೆ. ನಾಲ್ಕು ಬೆಂಚು, ಒಂದು ಬೋರ್ಡು. ನಿಮ್ಮಲ್ಲಿ ಕರಿ ಟೈಲ್ ಉಂಟಾ, ಉದ್ದದ್ದು?”

ಇತ್ತು. ಎರಡು ಕೊಟ್ಟೆ. ಬೆಂಚಿಗೆ ಕಂದು ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಸೀಳಿಲ್ಲವೆಂದು ನೋಡಿ ಕೊಟ್ಟೆ. ಗಿಡ್ಡ ಕಾಲಿನ ಗೊಂಬೆ ತಮ್ಮಲ್ಲಿದೆ, ಅಂಥ ಕಾಲು ಇನ್ನೂ ಐದು ಜೊತೆ ಬೇಕು ಎಂದರು. ನನ್ನಲ್ಲಿ ಮೂರು ಸಿಕ್ಕವು. ಟ್ಯೂಬ್‌ಲೈಟ್ ಎರಡು ಇದ್ದವು ಎಂದಾಗ ಮೆಂತ್ಯದ ಬಟ್ಟಲಿನಿಂದ ಪಾರದರ್ಶಕ ಕಡ್ಡಿ ಎರಡು ಆರಿಸಿ ಅವರ ಅಂಗೈಗಿಟ್ಟೆ. ಒಂದನ್ನು ಡಬ್ಬಿಗೆ ಹಾಕಿಕೊಂಡು ಇನ್ನೊಂದನ್ನು ನನಗೇ ವಾಪಸು ಕೊಟ್ಟರು.

“ಇದು ಒಂದು ಸಾಕು. ಇನ್ನೊಂದು ಬೂದಿ ಬಣ್ಣದ್ದು ಕೊಡಿ. ಅದು ಉರೀತಿರ್ಲಿಲ್ಲ.”